ರಕ್ತದಲ್ಲಿ ಓಟವಿದೆಯೆ?



ಹುಮನಾಬಾದಿನಲ್ಲಿ ನನ್ನ ಬಳಿ ಜೀವಶಾಸ್ತ್ರ ಕಲಿತು, ಈಗ ಪುಣೆಯಲ್ಲಿ ನೌಕರಿಯಲ್ಲಿರುವ ಶಿಷ್ಯನೊಬ್ಬ ಹೋದ ತಿಂಗಳು ಒಂದು ಪ್ರಶ್ನೆ ಕಳುಹಿಸಿದ್ದಾನೆ. ಅವನ ಮಗಳಿಗೆ ಎಂಟು ವರ್ಷ. ಮಗುವಿನ ಎಂಜಲನ್ನು ಒಂದು ನಳಿಗೆಯಲ್ಲಿ ಹಾಕಿ ಅಂಚೆಯಲ್ಲಿ ಕಳುಹಿಸಿದರೆ, ಅವಳ ಸ್ನಾಯುಗಳ ವಂಶವಾಹಿಗಳನ್ನು ಓದಿ, ಅವಳು ವೇಗದ ಓಟಕ್ಕೆ ತಕ್ಕವಳೋ, ದೂರದ ಓಟಕ್ಕೆ ತಕ್ಕವಳೋ ಅಥವಾ ಯಾವುದಕ್ಕೂ ತಕ್ಕವಳಲ್ಲವೋ ಎಂದು ಹೇಳುವ ಪರೀಕ್ಷೆಯ ಜಾಹೀರಾತನ್ನು ಅವನು ನೋಡಿದ್ದಾನೆ. "ಸರ, ಮಾಡಸ್ಲೇನ್ರೀ?" ಎಂದು ಕೇಳಿದ್ದಾನೆ. ಅವನಿಗೆ ಒಂದೇ ಪದದ ಉತ್ತರ ಬರೆದೆ: ಬೇಡ. ಒಂದು ಪದದ ಉತ್ತರಕ್ಕೆ ಪರೀಕ್ಷೆಯಲ್ಲಿ ಒಂದೇ ಅಂಕ ಎಂದು ನಿಮಗೆಲ್ಲ ಹೇಳುತ್ತಿದ್ದವನು ನಾನೇ ಆದುದರಿಂದ, ಅದಕ್ಕೆ ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದು ಅವನೊಬ್ಬನ ಪ್ರಶ್ನೆಯೂ ಅಲ್ಲ. ನಮ್ಮ ಬಂಧುಗಳ ಮನೆಗಳಲ್ಲಿ "ನಮ್ಮ ಮನೆತನದಾಗ ಆಟದವರು ಯಾರೂ ಇಲ್ಲರೀ, ಎಲ್ಲಾ ಓದಿನವರೇ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಂಜಲಿನ ನಳಿಗೆ ಹೊಸದು, ಅದರ ಹಿಂದಿನ ನಂಬಿಕೆ ಬಹಳ ಹಳೆಯದು.

ಮೊದಲು ವಿಜ್ಞಾನಕ್ಕೆ ಬರೋಣ. ನಿಮ್ಮ ತೋಳು ಮಡಚುವುದು, ಕಾಲು ಚಾಚುವುದು, ಕಣ್ಣು ತಿರುಗುವುದು, ಇವೆಲ್ಲ ನಡೆಯುವುದು ಮಯೋಸಿನ್ ಎಂಬ ಪ್ರೋಟೀನಿನಿಂದ. 1864ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಇದಕ್ಕೆ ಆ ಹೆಸರಿಟ್ಟ. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯಲು ಮತ್ತೆ ತೊಂಬತ್ತು ವರ್ಷ ಬೇಕಾಯಿತು. 1954ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಒಂದು ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಹಕ್ಸ್ಲಿಗಳಿಬ್ಬರೂ ಬಂಧುಗಳಲ್ಲ, ಹೆಸರಷ್ಟೇ ಒಂದು. ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಕುಗ್ಗುವುದಿಲ್ಲ, ಒಂದರ ನಡುವೆ ಒಂದು ಜಾರುತ್ತವೆ ಎಂದು ಎರಡೂ ತಂಡಗಳು ತೋರಿಸಿದವು.

ತರಗತಿಯಲ್ಲಿ ನಾನು ಇದಕ್ಕೆ ಕೊಡುತ್ತಿದ್ದ ಉದಾಹರಣೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ತೇರು. ತೇರಿನ ಮಿಣಿಯನ್ನು ನೂರಾರು ಕೈಗಳು ಹಿಡಿದಿರುತ್ತವೆ. ಒಬ್ಬನ ಎಳೆತಕ್ಕೆ ತೇರು ಮಿಸುಕುವುದಿಲ್ಲ. ಎಲ್ಲರೂ ಹಿಡಿದು, ಎಳೆದು, ಕೈಬಿಟ್ಟು, ಮುಂದಕ್ಕೆ ಮತ್ತೆ ಹಿಡಿದಾಗ ತೇರು ಸಾಗುತ್ತದೆ. ಸ್ನಾಯುವಿನಲ್ಲಿ ಮಿಣಿ ಎಂದರೆ ಆಕ್ಟಿನ್ ಎಳೆ, ಕೈಗಳೆಂದರೆ ಮಯೋಸಿನ್ನಿನ ತಲೆಗಳು. ಒಂದು ತಲೆ ಒಮ್ಮೆ ಎಳೆದಾಗ ಎಳೆ ಜರುಗುವುದು ಐದರಿಂದ ಹತ್ತು ನ್ಯಾನೊಮೀಟರ್ ಮಾತ್ರ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಎಟಿಪಿ ಎಂಬ ಅಣು ಈ ಕೆಲಸಕ್ಕೆ ಇಂಧನ. ಇಲ್ಲಿ ವಿದ್ಯಾರ್ಥಿಗಳು ಸದಾ ತಪ್ಪುವ ಒಂದು ಅಂಶವಿದೆ. ಹಿಡಿತ ಬಿಡಿಸಲು ಬೇಕಾಗುವುದೇ ಹೊಸ ಎಟಿಪಿ. ಅದು ಸಿಗದಿದ್ದರೆ ತಲೆ ಎಳೆಯನ್ನು ಹಿಡಿದುಕೊಂಡೇ ಉಳಿಯುತ್ತದೆ. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಇದರಿಂದಲೇ.

ಈ ಮಯೋಸಿನ್ನಿನ ಮುಖ್ಯ ಭಾಗಕ್ಕೆ ಭಾರ ಸರಪಳಿ ಎಂದು ಹೆಸರು. ಅದನ್ನು ಕಟ್ಟುವ ಸೂಚನೆ ಇರುವುದು ನಮ್ಮ ವಂಶವಾಹಿಗಳಲ್ಲಿ. ಹದಿನೇಳನೆಯ ವರ್ಣತಂತುವಿನಲ್ಲಿ ಒಂದೇ ಓಣಿಯ ಆರು ಮನೆಗಳಂತೆ ಆರು ಮಯೋಸಿನ್ ವಂಶವಾಹಿಗಳು ಸಾಲಾಗಿವೆ. ಒಂದು ಮುಖ್ಯವಾಗಿ ಗರ್ಭದಲ್ಲಿ ಕೆಲಸ ಮಾಡುತ್ತದೆ, ಇನ್ನೊಂದು ಜನನದ ಆಸುಪಾಸಿನಲ್ಲಿ, ಮತ್ತೊಂದು ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಲ್ಲಿ. ದೊಡ್ಡವರ ಕೈಕಾಲುಗಳಲ್ಲಿ ದುಡಿಯುವವು ಮುಖ್ಯವಾಗಿ ಎರಡು, ಎಂವೈಎಚ್2 ಮತ್ತು ಎಂವೈಎಚ್1. ಮೊದಲನೆಯದು ವೇಗವಾಗಿಯೂ ಸಾಕಷ್ಟು ಹೊತ್ತೂ ದುಡಿಯುವ ಮಯೋಸಿನ್ನನ್ನು ಕೊಡುತ್ತದೆ. ಎರಡನೆಯದು ಅತಿ ವೇಗದ, ಆದರೆ ಬೇಗ ದಣಿಯುವ ಎಳೆಗಳ ಮಯೋಸಿನ್ನನ್ನು ಕೊಡುತ್ತದೆ. ಅದು 1939 ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಆರನೆಯ ಮನೆಯಾದ ಎಂವೈಎಚ್4 ಇಲಿಯ ಕಾಲಿನಲ್ಲಿ ಚುರುಕಾಗಿ ದುಡಿಯುತ್ತದೆ, ಮನುಷ್ಯನ ಕಾಲಿನಲ್ಲಿ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿರುತ್ತದೆ. ಇನ್ನು ನಿಧಾನ ಎಳೆಗಳದು, ಅಂದರೆ ಗಂಟೆಗಟ್ಟಲೆ ನಿಲ್ಲಲು, ನಡೆಯಲು ಬೇಕಾದವುಗಳದು, ಬೇರೆ ಓಣಿ. ಅದು ಹದಿನಾಲ್ಕನೆಯ ವರ್ಣತಂತುವಿನ ಎಂವೈಎಚ್7. ಹೃದಯದ ಕೆಳಕೋಣೆಗಳಲ್ಲಿಯೂ ದುಡಿಯುವುದು ಇದೇ, ಆ ಮಾತಿಗೆ ಮುಂದೆ ಬರುತ್ತೇನೆ. (ಕೋಳಿಯ ಕಾಲಿನ ಮಾಂಸ ಕಪ್ಪು, ಎದೆಯ ಮಾಂಸ ಬಿಳುಪು ಏಕೆಂದರೆ ಒಂದು ನಡೆಯುವುದಕ್ಕೆ, ಇನ್ನೊಂದು ಫಕ್ಕನೆ ಹಾರುವುದಕ್ಕೆ. ಈ ಉದಾಹರಣೆಗೆ ನಮ್ಮ ಸಸ್ಯಾಹಾರಿ ಬಂಧುಗಳು ಕ್ಷಮಿಸಬೇಕು.)

ಇನ್ನೊಂದು ಮಯೋಸಿನ್ನಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಚಿಂಪಾಂಜಿ, ಗೊರಿಲ್ಲಾಗಳ ದವಡೆಯ ಸ್ನಾಯುವಿನಲ್ಲಿ ಎಂವೈಎಚ್16 ಎಂಬುದು ಕೆಲಸ ಮಾಡುತ್ತದೆ. ಮನುಷ್ಯರಲ್ಲಿ ಅದು ಕೆಟ್ಟು ನಿಂತಿದೆ ಎಂದು 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ಹಾಗಿದ್ದೂ ನಮ್ಮ ಬೀದರ ಜಿಲ್ಲೆಯವರು ಜೋಳದ ಖಡಕ್ ರೊಟ್ಟಿಯನ್ನು ಕಟಕಟನೆ ಅಗಿಯುತ್ತಾರೆ. ವಂಶವಾಹಿಯೊಂದು ಇಲ್ಲವೆಂದಾಕ್ಷಣ ಕೆಲಸವೇ ನಿಲ್ಲುವುದಿಲ್ಲ ಎಂಬುದಕ್ಕೆ ಊಟದ ತಟ್ಟೆಯಲ್ಲೇ ಸಾಕ್ಷಿ ಸಿಕ್ಕಂತಾಯಿತು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಯಾರ ಕಾಲಿನಲ್ಲಿ ಯಾವ ಮಯೋಸಿನ್ ಎಷ್ಟಿರುತ್ತದೆ ಎಂಬುದು ಹುಟ್ಟಿನಲ್ಲೇ ತೀರ್ಮಾನವಾಗಿದೆಯೆ? ಹುಟ್ಟಿಗೆ ಪಾಲೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. 1995ರಲ್ಲಿ ಕೆನಡಾದ ಸಿಮೋನೋ ಮತ್ತು ಬೂಶಾರ್ ಎಂಬ ಸಂಶೋಧಕರು, ನಿಧಾನ ಎಳೆಗಳ ಪ್ರಮಾಣದಲ್ಲಿ ಮನುಷ್ಯ ಮನುಷ್ಯರ ನಡುವೆ ಇರುವ ವ್ಯತ್ಯಾಸದಲ್ಲಿ ಶೇ. 45ರಷ್ಟು ಅನುವಂಶೀಯ, ಶೇ. 40ರಷ್ಟು ಪರಿಸರದ್ದು, ಉಳಿದದ್ದು ಅಳತೆಯ ಏರುಪೇರು ಎಂದು ಅಂದಾಜು ಮಾಡಿದರು. ಅಪ್ಪ ಅಮ್ಮನ ಕೊಡುಗೆ ಸಣ್ಣದಲ್ಲ. ಆದರೆ ಆ ಶೇ. 45 ಒಂದು ವಂಶವಾಹಿಯ ಲೆಕ್ಕವಲ್ಲ, ಅನೇಕಾನೇಕ ವಂಶವಾಹಿಗಳ ಸಣ್ಣ ಸಣ್ಣ ಪಾಲುಗಳ ಒಟ್ಟು ಮೊತ್ತ. ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಓದಿ ಮಗುವಿನ ಜಾತಕ ಬರೆಯುತ್ತೇವೆ ಎನ್ನುವುದು, ಗ್ರಂಥಾಲಯದ ನಾಲ್ಕು ಪುಟ ಓದಿ ಎಲ್ಲ ಪುಸ್ತಕಗಳ ವಿಮರ್ಶೆ ಬರೆದಂತೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ವಂಶವಾಹಿ ಇದ್ದರಷ್ಟೇ ಸಾಲದು, ಅದು ಎಷ್ಟು ದುಡಿಯಬೇಕೆಂದು ದೇಹ ತೀರ್ಮಾನಿಸಬೇಕು. ಆ ತೀರ್ಮಾನ ನಮ್ಮ ದಿನನಿತ್ಯದ ದುಡಿಮೆಯನ್ನು ಕೇಳಿಸಿಕೊಳ್ಳುತ್ತದೆ. 2000ನೆಯ ಇಸವಿಯಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಮತ್ತು ಓಗೋರ್ ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡಿ. ವ್ಯಾಯಾಮದ ಅಭ್ಯಾಸವಿಲ್ಲದ ತರುಣರು ಮೂರು ತಿಂಗಳು ಭಾರ ಎತ್ತುವ ಕಠಿಣ ವ್ಯಾಯಾಮ ಮಾಡಿದರು. ಅವರ ತೊಡೆಯ ಸ್ನಾಯುವಿನಲ್ಲಿ ಎಂವೈಎಚ್1 ಕೊಡುವ ಅತಿವೇಗದ ಮಯೋಸಿನ್ನಿನ ಪ್ರಮಾಣ ಸುಮಾರು ಶೇ. 9ರಿಂದ ಶೇ. 2ಕ್ಕೆ ಇಳಿಯಿತು. ಆಶ್ಚರ್ಯವಾಯಿತೆ? ಆ ಜಾಗವನ್ನು ಎಂವೈಎಚ್2ರ ಮಯೋಸಿನ್ ತುಂಬಿತ್ತು. ಬಳಿಕ ಮೂರು ತಿಂಗಳು ವ್ಯಾಯಾಮ ನಿಲ್ಲಿಸಿ ಮತ್ತೆ ಅಳೆದಾಗ ಅದು ಶೇ. 17ಕ್ಕೆ ಏರಿತ್ತು, ಅಂದರೆ ಮೊದಲಿಗಿಂತ ಹೆಚ್ಚು! ಬೆನ್ನುಹುರಿಗೆ ಪೆಟ್ಟಾಗಿ ಕಾಲು ಆಡದವರಲ್ಲಿಯೂ ವೇಗದ ಮಯೋಸಿನ್ನೇ ಹೆಚ್ಚುತ್ತಾ ಹೋಗುತ್ತದೆ. ಮಲಗಿದರೆ ವೇಗ ಬರುತ್ತದೆ ಎಂದು ಯಾರೂ ತಿಳಿಯಬೇಡಿ, ದುಡಿಮೆಯಿಲ್ಲದ ಸ್ನಾಯು ಸೊರಗಿ ಸಣ್ಣದಾಗುತ್ತದೆ. ನಾನು ಹೇಳುವುದಿಷ್ಟೆ. ಹುಟ್ಟಿನಿಂದ ಬಂದ ವಂಶವಾಹಿ ಆ ತರುಣರಲ್ಲಿ ಬದಲಾಗಲಿಲ್ಲ. ಎಂಜಲು ಪರೀಕ್ಷೆ ಮೊದಲ ದಿನ, ಮೂರು ತಿಂಗಳ ಬಳಿಕ, ಆರು ತಿಂಗಳ ಬಳಿಕ ಒಂದೇ ಫಲಿತಾಂಶ ಕೊಡುತ್ತಿತ್ತು. ಸ್ನಾಯು ಮಾತ್ರ ಮೂರು ಸಲವೂ ಬೇರೆಯಾಗಿತ್ತು.

ಇನ್ನು ಆ ಪರೀಕ್ಷೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ವಂಶವಾಹಿ ಎಸಿಟಿಎನ್3. ಇದು ಎಳೆಯುವ ಪ್ರೋಟೀನಿನದಲ್ಲ, ಎಳೆಗಳನ್ನು ಬಿಗಿದು ನಿಲ್ಲಿಸುವ ಪ್ರೋಟೀನಿನದು. ಪ್ರಪಂಚದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಈ ಪ್ರೋಟೀನು ಇರುವುದೇ ಇಲ್ಲ, ಅವರಿಗೆ ಅದರಿಂದ ಯಾವ ರೋಗವೂ ಇಲ್ಲ. 2003ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು, ಶ್ರೇಷ್ಠ ವೇಗದ ಓಟಗಾರರಲ್ಲಿ ಇದಿಲ್ಲದವರು ಬಹಳ ವಿರಳವೆಂದು ತೋರಿಸಿದರು. ಸಂಶೋಧನೆ ಒಳ್ಳೆಯದೇ. ಆದರೆ ಮರುವರ್ಷವೇ ಅದು ಮಾರಾಟದ ಸರಕಾಯಿತು. 2007ರಲ್ಲಿ ಸ್ಪೇನಿನ ಒಬ್ಬ ಲಾಂಗ್ ಜಂಪ್ ಆಟಗಾರನ ವಿವರ ಪ್ರಕಟವಾಯಿತು. ಆತನಿಗೆ ಈ ಪ್ರೋಟೀನು ಸ್ವಲ್ಪವೂ ಇಲ್ಲ, ಆದರೂ 8.26 ಮೀಟರ್ ಜಿಗಿದವನು, ಎರಡು ಒಲಿಂಪಿಕ್ಸ್ ಕಂಡವನು! ಎಂಟು ವರ್ಷದವನಿದ್ದಾಗ ಅವನ ಎಂಜಲು ಪರೀಕ್ಷಿಸಿದ್ದರೆ, "ಮಗನೇ, ನೀನು ಚೆಸ್ ಆಡು" ಎಂದು ಮನೆಯವರು ಹೇಳುತ್ತಿದ್ದರೇನೋ. 2015ರಲ್ಲಿ ಬ್ರಿಟಿಷ್ ಕ್ರೀಡಾ ವೈದ್ಯ ಪತ್ರಿಕೆಯಲ್ಲಿ ಹಲವು ದೇಶಗಳ ತಜ್ಞರು ಸೇರಿ, ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳಿಗೆ ಯಾವ ಪಾತ್ರವೂ ಇಲ್ಲ, ಮಕ್ಕಳನ್ನು ಇವಕ್ಕೆ ಒಡ್ಡಬಾರದು ಎಂದು ಸ್ಪಷ್ಟವಾಗಿ ಬರೆದರು. ಹತ್ತು ವರ್ಷ ಕಳೆದ ಮೇಲೂ ಜಾಹೀರಾತು ಪುಣೆಗೆ ಬರುತ್ತಿದೆ.

ರಕ್ತವನ್ನು ನೋಡಿ ಓಟಗಾರರನ್ನು ಹುಡುಕುವ ಕೆಲಸವನ್ನು ನಮ್ಮ ಕರ್ನಾಟಕದಲ್ಲಿಯೇ ಒಮ್ಮೆ ಮಾಡಿ ನೋಡಲಾಗಿದೆ. ಇದು ಕಿರಿಯರಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಸಂತತಿ. ನಮ್ಮ ನಿಮ್ಮಂತೆ ಕನ್ನಡ, ಕೊಂಕಣಿ, ಮರಾಠಿ ಮಾತನಾಡುವವರು. 1980ರ ದಶಕದಲ್ಲಿ ಮಾರ್ಗರೇಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ವಸತಿಶಾಲೆಗಳಿಗೆ ಕರೆದೊಯ್ದು ತರಬೇತಿ ಕೊಡಲಾರಂಭಿಸಿದರು. ಆಫ್ರಿಕಾ ಮೂಲದವರು ಪ್ರಪಂಚದ ಓಟದ ಪಂದ್ಯಗಳನ್ನು ಗೆಲ್ಲುತ್ತಾರೆ, ಇವರೂ ಅದೇ ಮೂಲದವರು, ಆದ್ದರಿಂದ ಇವರಿಂದ ಪದಕ ಬರುತ್ತದೆ ಎಂಬುದು ಲೆಕ್ಕಾಚಾರ. 1987ರಲ್ಲಿ ಆರಂಭವಾದ ಈ ಪ್ರಯತ್ನ 1993ರ ಹೊತ್ತಿಗೆ ನಿಂತುಹೋಯಿತು. ಒಲಿಂಪಿಕ್ ಪದಕ ಬರಲಿಲ್ಲ.

ಇದನ್ನು ಕೇಳಿದವರು ಎರಡು ತರಹದ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಯೋಜನೆಯೇ ದಂಡ ಎನ್ನುವವರು ಒಂದು ಕಡೆ. ಅವರಿಗೆ ನನ್ನ ಉತ್ತರ, ಅದರಿಂದ ಕಮಲಾ ಸಿದ್ದಿಯಂಥ ರಾಷ್ಟ್ರೀಯ ಮಟ್ಟದ ಓಟಗಾರ್ತಿ ಬಂದರು, ಶಾಲೆಯ ಮುಖ ಕಾಣದಿದ್ದ ಎಷ್ಟೋ ಮಕ್ಕಳಿಗೆ ಹೊಟ್ಟೆ ತುಂಬ ಊಟ, ಓದು, ಮುಂದೆ ಕ್ರೀಡಾ ಮೀಸಲಾತಿಯಲ್ಲಿ ನೌಕರಿ ಸಿಕ್ಕಿತು. ಸಿದ್ದಿಗಳಲ್ಲಿ ಆ ವಂಶವಾಹಿ ಕಡಿಮೆಯಾಗಿರಬೇಕು ಎನ್ನುವವರು ಇನ್ನೊಂದು ಕಡೆ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು 2011ರಲ್ಲಿ ಸಿದ್ದಿಗಳ ವಂಶವಾಹಿಗಳನ್ನು ಓದಿ, ಅವರ ಮೂಲದ ಬಹುಪಾಲು ಆಫ್ರಿಕಾದ ಬಾಂಟು ಜನರದೆಂದೂ ಉಳಿದದ್ದು ಭಾರತ ಮತ್ತು ಯುರೋಪಿನ ಬೆರಕೆಯೆಂದೂ ತೋರಿಸಿದ್ದಾರೆ. ಮೂಲ ಇತ್ತು. ಇಲ್ಲದಿದ್ದದ್ದು ಆರು ವರ್ಷಗಳಾಚೆಗೆ ಸಾಗುವ ತಾಳ್ಮೆ. ಓಟಗಾರನೊಬ್ಬ ಮಾಗಲು ಹತ್ತು ಹದಿನೈದು ವರ್ಷ ಬೇಕು. ಹತ್ತು ವರ್ಷದ ಮಗುವನ್ನು ಕರೆತಂದು ಅದಕ್ಕೆ ಹದಿನಾರಾಗುವಾಗ ಮನೆಗೆ ಕಳುಹಿಸಿ, ರಕ್ತದಲ್ಲಿ ಇರಲಿಲ್ಲ ಎಂದರೆ ಯಾವ ನ್ಯಾಯ? ರಕ್ತದ ಮೇಲಿನ ಭರವಸೆಯೇ ಇಲ್ಲಿ ಅಪಾಯಕಾರಿ ಎಂದು ನನ್ನ ಅಭಿಪ್ರಾಯ. ರಕ್ತವೇ ಪದಕ ತರುತ್ತದೆ ಎಂದು ನಂಬಿದವನು ಕಾಯಲಾರ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಅವರ ಕಾಲಿನ ಮೇಲೆ ದೇಶದ ಕಣ್ಣು ಬಿದ್ದು ಹದಿನಾರು ವರ್ಷಗಳಾದ ಮೇಲೆ.

ಇಂಥದೇ ಮಾತನ್ನು ನಾನು ನಮ್ಮ ಭಾಗದಲ್ಲಿಯೂ ಕೇಳಿದ್ದೇನೆ. ಬಸವಕಲ್ಯಾಣ ತಾಲೂಕಿನ ಒಂದು ತಾಂಡಾದ ಹುಡುಗ ತಾಲೂಕು ಕ್ರೀಡಾಕೂಟದಲ್ಲಿ 1500 ಮೀಟರ್ ಓಟವನ್ನು ಎರಡು ವರ್ಷ ಬಿಡದೆ ಗೆದ್ದ. "ತಾಂಡಾದ ರಕ್ತರೀ ಅದು, ಓಡದೇ ಏನು ಮಾಡತೈತಿ" ಎಂದು ಸಹೋದ್ಯೋಗಿಯೊಬ್ಬರು ಮೆಚ್ಚುಗೆಯಿಂದಲೇ ಹೇಳಿದರು. ಆ ಹುಡುಗ ದಿನಾಲು ಶಾಲೆಗೆ ಐದು ಕಿಲೋಮೀಟರ್ ನಡೆದು ಬರುತ್ತಿದ್ದ, ತಡವಾದ ದಿನ ಓಡಿ ಬರುತ್ತಿದ್ದ, ಸಂಜೆ ಮತ್ತೆ ಅಷ್ಟೇ ದೂರ. ಊರೊಳಗಿನ ಹುಡುಗರು ಅಷ್ಟರಲ್ಲಿ ಮನೆಪಾಠದಲ್ಲಿ ಕುಳಿತಿರುತ್ತಿದ್ದರು. ಅವನ ನಡಿಗೆಯನ್ನು ರಕ್ತವೆಂದು ಕರೆದರೆ ಅವನ ಶ್ರಮವನ್ನು ಕಸಿದುಕೊಂಡಂತಾಗುತ್ತದೆ, ಊರೊಳಗಿನ ಹುಡುಗನಿಗೆ ಓಡದಿರಲು ನೆಪವನ್ನೂ ಕೊಟ್ಟಂತಾಗುತ್ತದೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಲೆಕ್ಕವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿದ ಊರು ಕಲ್ಯಾಣ. ಹರಳಯ್ಯ, ಮಧುವರಸರು ಅದಕ್ಕಾಗಿ ಪ್ರಾಣವನ್ನೇ ತೆತ್ತರು. ಆ ಊರಿನ ನೀರು ಕುಡಿದವರು ಜಾತಿಯ ಜಾಗದಲ್ಲಿ ವಂಶವಾಹಿಯನ್ನು ಕೂರಿಸಿ ಮತ್ತೆ ಅದೇ ಅಳತೆಗೋಲು ಹಿಡಿಯುವುದು ನನಗೆ ಸರಿಕಾಣುವುದಿಲ್ಲ.

ಹಾಗಾದರೆ ವಂಶವಾಹಿ ಪರೀಕ್ಷೆಯೇ ಬೇಡವೆ? ಹಾಗಲ್ಲ. ಮೇಲೆ ಹೇಳಿದ ಎಂವೈಎಚ್7ಕ್ಕೆ ಬರುತ್ತೇನೆ. 1990ರಲ್ಲಿ ಅಮೆರಿಕದ ಸೈಡ್ಮನ್ ದಂಪತಿಗಳ ತಂಡ, ಈ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಹೃದಯದ ಗೋಡೆ ಅಸಹಜವಾಗಿ ದಪ್ಪವಾಗುವ ಕಾಯಿಲೆ ಬರಬಹುದೆಂದು ಕಂಡುಹಿಡಿಯಿತು. ಸುಮಾರು ಐನೂರು ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಕಬಡ್ಡಿ ಆಡುತ್ತಾ ಆಡುತ್ತಾ ಕುಸಿದು ತೀರಿಕೊಂಡ ತರುಣರ ಸುದ್ದಿ ಓದುತ್ತೀರಲ್ಲ, ಅಂಥ ಸಾವುಗಳ ಕಾರಣಗಳಲ್ಲಿ ಇದೂ ಒಂದು. ಮಯೋಸಿನ್ನಿಗೆ ಅಂಟಿಕೊಂಡು ಅದನ್ನು ಹತೋಟಿಯಲ್ಲಿಡುವ ಇನ್ನೊಂದು ಹೃದಯ ಪ್ರೋಟೀನಿದೆ. ಅದರ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ಬದಲಾವಣೆ ಭಾರತ ಉಪಖಂಡದ ಸುಮಾರು ಶೇ. 4ರಷ್ಟು ಜನರಲ್ಲಿದೆಯೆಂದೂ ಅದಕ್ಕೂ ಹೃದಯ ವೈಫಲ್ಯಕ್ಕೂ ನಂಟಿದೆಯೆಂದೂ 2009ರಲ್ಲಿ ಸಿಸಿಎಂಬಿ ಸೇರಿದಂತೆ ಹಲವು ಸಂಸ್ಥೆಗಳ ವಿಜ್ಞಾನಿಗಳು ತೋರಿಸಿದರು. ಹೊತ್ತವರೆಲ್ಲ ರೋಗಿಗಳೇನೂ ಅಲ್ಲ. ಮಯೋಸಿನ್ನಿನ ಅತಿ ಎಳೆತವನ್ನು ತಗ್ಗಿಸುವ ಮವಕಾಮ್ಟೆನ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು.

ಆದ್ದರಿಂದ ಬಂಧುಗಳಲ್ಲಿ ನನ್ನ ವಿನಂತಿ. ನಿಮ್ಮ ಮನೆತನದಲ್ಲಿ ನಲವತ್ತರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ, ಮಕ್ಕಳಲ್ಲಿ ಯಾರಾದರೂ ಓಡುವಾಗ ಎಚ್ಚರ ತಪ್ಪಿ ಬಿದ್ದಿದ್ದರೆ, "ದೃಷ್ಟಿಯಾಗಿದೆ" ಎಂದು ಸುಮ್ಮನಿರಬೇಡಿ. ಬೀದರಿಗೋ ಕಲಬುರಗಿಗೋ ಹೋಗಿ ಹೃದಯ ತಜ್ಞರಲ್ಲಿ ಇಸಿಜಿ, ಎಕೋ ಮಾಡಿಸಿ. ವಂಶವಾಹಿ ಪರೀಕ್ಷೆ ಬೇಕೆಂದು ಅವರು ಹೇಳಿದರೆ ಅದನ್ನು ಧಾರಾಳವಾಗಿ ಮಾಡಿಸಿ. ಅಲ್ಲಿ ಫಲಿತಾಂಶದಿಂದ ಜೀವ ಉಳಿಯುವ ಸಾಧ್ಯತೆಯಿದೆ. ಮಗು ಯಾವ ಆಟ ಆಡಬೇಕೆಂದು ತಿಳಿಯಲು ಮಾತ್ರ ಬೇಡ. ಅದಕ್ಕೆ ಮಗುವನ್ನೇ ಮೈದಾನದಲ್ಲಿ ಬಿಟ್ಟು ನೋಡಬೇಕು.

ಮೈದಾನವೆಂದಾಗ ಮನಸ್ಸು ಸ್ವಲ್ಪ ಕಹಿಯಾಗುತ್ತದೆ. ನಾನು ದುಡಿದ ಶಾಲೆಗಳಲ್ಲೊಂದರಲ್ಲಿ ಜನವರಿ ಬಂತೆಂದರೆ ಹತ್ತನೆಯ ತರಗತಿಯ ಆಟದ ಪೀರಿಯಡ್ಡುಗಳೆಲ್ಲ ಗಣಿತಕ್ಕೆ, ವಿಜ್ಞಾನಕ್ಕೆ ಹೋಗುತ್ತಿದ್ದವು. ವಿಜ್ಞಾನದ ಪಾಲನ್ನು ಮುಖ್ಯೋಪಾಧ್ಯಾಯರು ನನ್ನ ಕೈಗಿಟ್ಟಾಗ ನಾನು ಮಕ್ಕಳನ್ನು ಹೊರಗೆ ಕರೆದೊಯ್ದು ಓಡಿಸಿ, ನಾಡಿ ಎಣಿಸಲು ಹೇಳಿ, "ಇದೇ ಇವತ್ತಿನ ಪಾಠ" ಎನ್ನುತ್ತಿದ್ದೆ. ನಾಡಿಯ ಲೆಕ್ಕ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಮಯೋಸಿನ್ನೂ ಒಂದು ಪ್ರೋಟೀನೇ, ಗಾಳಿಯಿಂದ ಬರುವುದಿಲ್ಲ. 2021ರ ಡಿಸೆಂಬರಿನಲ್ಲಿ ಸರ್ಕಾರ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲಾರಂಭಿಸಿತು. ಆ ಪಟ್ಟಿಯಲ್ಲಿ ನಮ್ಮ ಬೀದರವೂ ಇತ್ತು. ಆಗ ಎದ್ದ ವಿರೋಧವನ್ನು ಓದಿ ನನಗೆ ಬೇಸರವಾಗಿತ್ತು. ನಾನು ಮೊಟ್ಟೆ ತಿನ್ನುವವನಲ್ಲ. ತಿನ್ನುವ ಮಗುವಿನ ತಟ್ಟೆಯಿಂದ ಅದನ್ನು ಎತ್ತಿಡುವ ಹಕ್ಕು ನನಗಿದೆಯೆಂದು ಮಾತ್ರ ಎಂದೂ ಅನ್ನಿಸಿಲ್ಲ. ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಇತ್ತಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನೊಂದಿಗೆ ಇದು ರಾಜ್ಯದಾದ್ಯಂತ ವಾರಕ್ಕೆ ಆರು ದಿನವಾಯಿತು. ನಮ್ಮ ಮಕ್ಕಳ ಓಟಕ್ಕೆ ಎಲ್ಲ ಎಂಜಲು ಪರೀಕ್ಷೆಗಳೂ ಸೇರಿ ಮಾಡಲಾಗದ ಉಪಕಾರವನ್ನು ಆ ಆರು ಮೊಟ್ಟೆಗಳು ಮಾಡುತ್ತವೆ.

ಉಳಿದದ್ದು ಮೈದಾನ ಮತ್ತು ದೈಹಿಕ ಶಿಕ್ಷಕರು. ಇದನ್ನು ಓದುತ್ತಿರುವ ನೀವು ಜಾತ್ರೆಗೋ ದೀಪಾವಳಿಗೋ ಊರಿಗೆ ಬರುತ್ತೀರಿ. ಬಂದಾಗ ಒಂದು ಅರ್ಧ ಗಂಟೆ ನಿಮ್ಮ ಹಳೆಯ ಶಾಲೆಗೆ ಹೋಗಿ ಬನ್ನಿ. ಮೈದಾನದಲ್ಲಿ 200 ಮೀಟರಿನ ಓಟದ ದಾರಿ ಹಾಕುವಷ್ಟು ಜಾಗ ಉಳಿದಿದೆಯೋ, ಕಟ್ಟಡ, ಶೆಡ್ಡುಗಳು ನುಂಗಿವೆಯೋ ನೋಡಿ. ದೈಹಿಕ ಶಿಕ್ಷಕರ ಹುದ್ದೆ ತುಂಬಿದೆಯೋ, ಖಾಲಿ ಇದೆಯೋ ಮುಖ್ಯೋಪಾಧ್ಯಾಯರನ್ನು ಕೇಳಿ. ಖಾಲಿ ಇದ್ದರೆ ಎಸ್‌ಡಿಎಂಸಿಯವರ ಕಡೆಯಿಂದ ಬಿಇಓ ಕಚೇರಿಗೆ ಅರ್ಜಿ ಹಾಕಿಸಿ, ಅದರ ಒಂದು ಪ್ರತಿಯನ್ನು ನನಗೂ ಕಳುಹಿಸಿ. ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ತಾಲೂಕಿನ ಕಚೇರಿಗಳಿಗೆ ಹೋಗಿ ಬೆನ್ನು ಹತ್ತಲು ನಿವೃತ್ತನಾದ ನನಗೆ ಬೇಕಾದಷ್ಟು ಸಮಯವಿದೆ, ಕಾಲುಗಳೂ ಇನ್ನೂ ಗಟ್ಟಿಯಾಗಿವೆ.